ಸಿಸ್ಕೊಗೆ ಕೊಟ್ಟ ಕಾಲಾವಕಾಶ

ಹ್ಯಾನ್‌ಕಾಕ್, ಮಿಷಿಗನ್
೪ ಮಾರ್ಚ್ ೧೯೮೬

ಪ್ರಿಯ ಲೆಂಪಿ,

ನೀನು ಫೆಡರಲ್ ನ್ಯಾಯಾಲಯಕ್ಕೆ ಕಳುಹಿಸಿರುವ ಹೇಳಿಕೆಯ ಪ್ರತಿ ನನಗೆ ತಲುಪಿದೆ. ಅದರ ಎರಡನೆಯ ಪುಟದಲ್ಲಿ, ಬಾಲ್ಯದಲ್ಲಿ ನಮ್ಮ ಸಹೋದರ ಆರ್ವೊ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ದಿನದ ವರ್ಣನೆಯಿದೆ. ಆ ವರ್ಣನೆಯಲ್ಲಿ ಸರಿಯಾಗಿರುವುದು ಸರೋವರದ ಹೆಸರು ಮಾತ್ರ. ಅದು ಮಾರ್ಚ್ ತಿಂಗಳಲ್ಲ, ಏಪ್ರಿಲ್. ಮಾರ್ಚ್ ತಿಂಗಳಲ್ಲಿ ಹೌಕಿ ಸರೋವರದ ಮೇಲೆ ಕುದುರೆಗಾಡಿಯನ್ನೇ ಓಡಿಸಬಹುದು. ನೀನು ಅವನತ್ತ ದೋಣಿಯ ಹುಟ್ಟನ್ನು ಚಾಚಲಿಲ್ಲ. ನೀನು ಏನನ್ನೂ ಚಾಚಲಿಲ್ಲ. ದಡದಲ್ಲಿ ನಿಂತು ಅಳುತ್ತಿದ್ದೆ. ಏಣಿಯನ್ನು ಎಳೆದು ತಂದು, ಮಂಜಿನ ಮೇಲೆ ಬೋರಲು ಮಲಗಿ, ಅದನ್ನು ಅವನ ಕೈಗೆ ಸಿಗುವಂತೆ ದೂಡಿದವಳು ನಾನು. ಅವನು ‘ಸಿಸ್ಕೊ!’ ಎಂದು ಕೂಗಿದ್ದು ನಿಜ. ಆದರೆ ಆಗ ಅವನ ಕಣ್ಣು ಏಣಿ ಹಿಡಿದವಳ ಮೇಲಿತ್ತೇ ಹೊರತು ಅಳುತ್ತಿದ್ದವಳ ಮೇಲಲ್ಲ. ಅಲ್ಲದೆ ‘ಸಂಬಂಧ’ ಎಂಬ ಪದವನ್ನು ನೀನು ಉದ್ದಕ್ಕೂ ತಪ್ಪಾಗಿಯೇ ಬರೆದಿರುವೆ.

ಇನ್ನು ವಿಷಯಕ್ಕೆ ಬರುತ್ತೇನೆ. ಆರ್ವೊ ಸಾಯುವ ಮುನ್ನ ನೋಂದಾಯಿಸಿದ ದಾನಪತ್ರದಲ್ಲಿರುವುದು ಒಂದೇ ಸಾಲು: ‘ಹೌಕಿ ಸರೋವರದ ನನ್ನ ಕ್ಯಾಂಪು, ಅದರ ಸೌನಾ ಸಹಿತ, ನನ್ನ ಸಿಸ್ಕೊಗೆ.’ ದಡದ ಆ ಮರದ ಮನೆ, ಹಬೆಸ್ನಾನದ ಆ ಕೋಣೆ ಯಾವುದೆಂಬುದರಲ್ಲಿ ತಕರಾರಿಲ್ಲ; ತಕರಾರಿರುವುದು ಕೊನೆಯ ಪದದಲ್ಲಿ. ನಮ್ಮ ತಾಯಿತಂದೆಯರ ಫಿನ್ನಿಷ್ ಭಾಷೆಯಲ್ಲಿ ಅಕ್ಕನಿಗೂ ತಂಗಿಗೂ ಇರುವುದು ಆ ಒಂದೇ ಪದ. ಒಬ್ಬ ಅಕ್ಕ, ಒಬ್ಬ ತಂಗಿ ಇರುವವನು ಹೆಸರನ್ನು ಬರೆಯದೆ ಹೋದದ್ದು ಅಜಾಗರೂಕತೆಯೆಂದು ನೀನು ನ್ಯಾಯಾಧೀಶರಿಗೆ ತಿಳಿಸಿರುವೆ. ನಾನು ಒಪ್ಪುವುದಿಲ್ಲ. ಅವನ ಮನಸ್ಸಿನಲ್ಲಿ ಸಿಸ್ಕೊ ಒಬ್ಬಳೇ ಇದ್ದಳು. ಆದ್ದರಿಂದ ಹೆಸರು ಬೇಕಾಗಲಿಲ್ಲ.

ನೀನು ಬೇರೆ ರಾಜ್ಯದಲ್ಲಿ ನೆಲೆಸಿರುವುದರಿಂದಲೇ ಈ ವ್ಯಾಜ್ಯ ಫೆಡರಲ್ ನ್ಯಾಯಾಲಯದ ಪಾಲಾಗಿದೆ. ಸಾಕ್ಷ್ಯ ಸಲ್ಲಿಸಲು ಈ ತಿಂಗಳ ಕೊನೆಯವರೆಗೆ ಗಡುವಿದೆ. ನನಗೆ ಇನ್ನಷ್ಟು ಕಾಲ ಬೇಕಾಗಿದೆ. ಕಾಲಾವಕಾಶ ಬೇಡುವವರು ಎದುರು ಪಕ್ಷಕ್ಕೆ ಆಕ್ಷೇಪಣೆ ಇದೆಯೇ ಎಂದು ಮೊದಲು ವಿಚಾರಿಸಿ, ಬಂದ ಉತ್ತರವನ್ನು ಅರ್ಜಿಯಲ್ಲಿಯೇ ನಮೂದಿಸಬೇಕೆಂಬುದು ಅಲ್ಲಿಯ ನಿಯಮ. ನಮ್ಮಿಬ್ಬರಿಗೂ ವಕೀಲರಿಲ್ಲದ ಕಾರಣ ನಾನೇ ನಿನ್ನನ್ನು ವಿಚಾರಿಸಬೇಕಾಗಿದೆ. ಆರು ವಾರಗಳ ಹೆಚ್ಚಿನ ಅವಧಿಗೆ ನಿನ್ನ ಆಕ್ಷೇಪಣೆ ಇದೆಯೇ? ಕಾರಣ ಖಾಸಗಿ. ‘ಇದೆ’ ಅಥವಾ ‘ಇಲ್ಲ’ ಎಂಬ ಒಂದು ಪದ ಸಾಕು. ಅಷ್ಟರಲ್ಲಿ ತಪ್ಪು ಮಾಡುವುದು ನಿನಗೂ ಕಷ್ಟ.

ಹಿಲ್ಯಾ ರಾಂತಾ


ಲೇಕ್ ವರ್ತ್, ಫ್ಲಾರಿಡಾ
೧೨ ಮಾರ್ಚ್ ೧೯೮೬

ಹಿಲ್ಯಾ,

ಪುಟಗಟ್ಟಲೆ ನನ್ನ ತಪ್ಪು ತಿದ್ದಿ, ಕೊನೇಲಿ ಎರಡು ಸಾಲು ಬೇಡಿದೀಯ. ಬೇಡೋರು ಹೀಗಾ ಬೇಡೋದು?

ಏಣಿ ತಂದದ್ದು ನೀನೇ, ಆಯ್ತು. ಆದ್ರೆ ಏಣಿ ಕೊಟ್ಟಿಗೆ ಹಿಂದೆ ಇದೆ ಅಂತ ಕಿರುಚಿದ್ದು ಯಾರು? ನಾನು ಅಳ್ತಿದ್ದೆ ನಿಜ. ಅವನು ಸಾಯ್ತಾನೆ ಅಂತ ಅತ್ತೆ. ನೀನು ಅವತ್ತೂ ಅಳಲಿಲ್ಲ, ಹೋದ ವರ್ಷ ಅವನನ್ನ ಮಣ್ಣು ಮಾಡಿದಾಗಲೂ ಅಳಲಿಲ್ಲ. ಅದನ್ನ ನಾನು ಹೇಳಿಕೇಲಿ ಬರೀಲಿಲ್ಲ, ಗಮನಿಸು.

ನಿನಗೆ ಅವನು ಅಷ್ಟೊಂದು ಚಳಿಗಾಲ ಸಿಕ್ಕ. ಪ್ರತಿ ಭಾನುವಾರ ಅವನ ಮೇಜಿನೆದುರು ನೀನೇ ಕೂತಿದ್ದೆ. ನನಗೆ ಸಿಕ್ಕಿದ್ದು ಕ್ರಿಸ್‌ಮಸ್ಸಿಗೊಂದು ಫೋನು. ಅದನ್ನೂ ‘ಸರಿ ಸರಿ, ಸೌನಾ ಒಲೆ ಆರತ್ತೆ’ ಅಂತ ಬೇಗ ಇಟ್ಟುಬಿಡ್ತಿದ್ದ. ಸಿಸ್ಕೊ ಅನ್ನೋ ಒಂದು ಪದನಾದರೂ ನನಗೆ ಬಿಡಬಾರದಾ ನೀನು?

ಖಾಸಗಿ ಕಾರಣ ಅಂದ್ರೆ ಏನು? ಹೇಳಿದ್ರೆ ಯೋಚಿಸ್ತೀನಿ. ಹೇಳದಿದ್ರೆ ಆಕ್ಷೇಪಣೆ ಇದೆ, ದೊಡ್ಡ ಅಕ್ಷರದಲ್ಲಿ.

ಇಲ್ಲಿ ಬಿಸಿಲೋ ಬಿಸಿಲು. ಚಳಿ ಕಳೆಯೋಕೆ ಬಂದು ನಮ್ಮ ಬೀದೀಲಿ ಇಳಿದುಕೊಂಡಿರೋರೊಬ್ಬರು ನಿನ್ನೆ ಮೊಜಕ್ಕಾ ಮಾಡಿ ತಂದಿದ್ರು. ಮೀನಿನ ತಲೆ ಹಾಕಿ, ಕಣ್ಣು ಸಮೇತ. ಆ ಕಣ್ಣು ಸಾರಿನೊಳಗಿಂದ ನೋಡ್ತಿದ್ದ ರೀತಿ ನೋಡಿ ನೀನೇ ನೆನಪಾದೆ.

ಲೆಂಪಿ


ಹ್ಯಾನ್‌ಕಾಕ್
೧೮ ಮಾರ್ಚ್ ೧೯೮೬

ಲೆಂಪಿ,

ಶಾಲಾ ಶಿಕ್ಷಕಿಯ ತಂಗಿಯಾಗಿಯೂ, ಮಾತನಾಡಿದಂತೆ ಬರೆಯುವ ನಿನ್ನ ಅಭ್ಯಾಸ ಈ ವಯಸ್ಸಿನಲ್ಲಿಯೂ ಹೋಗಿಲ್ಲ. ‘ಮೊಜಕ್ಕಾ’ ಎಂಬ ಪದ ಫಿನ್ನಿಷ್ ಭಾಷೆಯಲ್ಲಿಯೇ ಇಲ್ಲ; ಅದು ಇಲ್ಲಿಯ ಗಣಿಕೇರಿಗಳ ಅಡುಗೆಮನೆಗಳಲ್ಲಿ ಹುಟ್ಟಿಕೊಂಡದ್ದು. ಸಾರು ಎಂದರೆ ಸಾಕು.

ಪದ ಹಾಗಿರಲಿ. ಕಣ್ಣು ಕೀಳದೆ ಮೀನಿನ ತಲೆಯನ್ನು ಸಾರಿಗೆ ಹಾಕುವವನು ನಾನು ಬಲ್ಲಂತೆ ಒಬ್ಬನೇ ಒಬ್ಬ: ಆರ್ವೊನ ಕ್ಯಾಂಪಿನ ನೆರೆಯವನಾದ ಉರ್ಹೊ ಪೆಲ್ಟೊ. ಡುಲುತ್‌ನಲ್ಲಿರುವ ಮಗಳ ಮನೆಗೆ ಹೋಗುತ್ತೇನೆಂದು ನನಗೆ ಹೇಳಿ ಹೋದವನು ಅವನು.

ಮುಚ್ಚಿಡುವುದರಿಂದ ಇನ್ನು ಪ್ರಯೋಜನವಿಲ್ಲ. ಉರ್ಹೊ ನನ್ನ ಸಾಕ್ಷಿ. ಶವಸಂಸ್ಕಾರದ ದಿನ ಕಾಫಿಯ ಮೇಜಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತ ಅವನು, ‘ಸಿಸ್ಕೊ ಇಲ್ದೇ ಇದ್ದಿದ್ರೆ ಆರ್ವೊ ಯಾವತ್ತೋ ಹೋಗ್ಬಿಡ್ತಿದ್ದ ಕಣೇ ಹಿಲ್ಯಾ’ ಎಂದ.

‘ಇದನ್ನೇ ನೋಟರಿ ಮುಂದೆ ಹೇಳ್ತೀಯಾ?’ ಎಂದೆ.

ಅವನು ಕೆಮ್ಮಿ, ‘ನೋಡೋಣ, ಮೊದ್ಲು ಈ ಚಳಿ ಮುಗೀಲಿ’ ಎಂದ. ಅವನದು ನಾಚಿಕೆಯ ಸ್ವಭಾವ, ನಾನು ಒತ್ತಾಯಿಸಲಿಲ್ಲ.

ಆ ಸಾಕ್ಷಿಯನ್ನು ನೀನು ಬಿಸಿಲು ತೋರಿಸಿ ಸೆಳೆದುಕೊಂಡಿರುವೆ. ಮೊದಲು ನನ್ನ ಸ್ಕೇಟುಗಳು, ಆಮೇಲೆ ಅಮ್ಮನ ಬೆಳ್ಳಿಯ ಪದಕ, ಈಗ ನನ್ನ ಸಾಕ್ಷಿ. ನನ್ನದೆಂಬುದು ಯಾವುದೂ ನನ್ನ ಬಳಿ ಉಳಿಯುವುದನ್ನು ನೀನು ಎಂದೂ ಸಹಿಸಿದವಳಲ್ಲ. ಆಕ್ಷೇಪಣೆ ಇದ್ದರೆ ಹಾಗೆಯೇ ಬರೆ. ಪ್ರತಿವಾದಿಯೇ ನನ್ನ ಸಾಕ್ಷಿಗೆ ಊಟ ಹಾಕುತ್ತಿದ್ದಾಳೆಂದು ನ್ಯಾಯಾಧೀಶರಿಗೆ ನಾನು ತಿಳಿಸಬೇಕಾಗುತ್ತದೆ.

ಹಿಲ್ಯಾ ರಾಂತಾ


ಲೇಕ್ ವರ್ತ್
೨೬ ಮಾರ್ಚ್ ೧೯೮೬

ಹಿಲ್ಯಾ,

ಆಕ್ಷೇಪಣೆ ಇಲ್ಲ. ಆರು ವಾರ ಯಾಕೆ, ಮೇ ಕೊನೇವರೆಗೂ ಕೇಳು. ನಾನು ಒಪ್ಪಿದೀನಿ ಅಂತ ಬರೆದುಕೊ.

ಉರ್ಹೊ ಇಲ್ಲೇ ಇದಾನೆ. ಊಟ ನಾನು ಹಾಕ್ತಿಲ್ಲ, ಅವನೇ ನನಗೆ ಹಾಕ್ತಿದಾನೆ. ಮೊನ್ನೆ ಫಿನ್ನಿಷ್ ಹಾಲ್‌ನಲ್ಲಿ ಕುಣಿತ ಮುಗಿಸಿ ಬಂದು ಕಾಫಿ ಕುಡೀತಾ ಆರ್ವೊ ವಿಷಯ ಮಾತಾಡಿದ. ತುಂಬ ಹೊತ್ತು ಮಾತಾಡಿದ. ಕೇಳಿದ ಮೇಲೆ ಆಕ್ಷೇಪಣೆ ಮಾಡೋ ಮನಸ್ಸೇ ಹೋಯ್ತು.

ಒಂದು ಮಾತು. ಅರ್ಜಿ ಹಾಕುವಾಗ, ಪೇಪರಿನಲ್ಲೂ ಒಂದು ನೋಟಿಸು ಹಾಕಿಸಿ ಅಂತ ನ್ಯಾಯಾಧೀಶರನ್ನ ಕೇಳು. ಆರ್ವೊನ ಬಲ್ಲೋರು ಇನ್ನೂ ಯಾರಾದ್ರೂ ಮುಂದೆ ಬರಬಹುದು. ನಿನಗೇ ಒಳ್ಳೇದಲ್ವಾ?

ಲೆಂಪಿ


ಹ್ಯಾನ್‌ಕಾಕ್
೧೪ ಏಪ್ರಿಲ್ ೧೯೮೬

ಪ್ರಿಯ ಲೆಂಪಿ,

ನ್ಯಾಯಾಲಯವು ನನ್ನ ಅರ್ಜಿಯನ್ನು ಮನ್ನಿಸಿದೆ. ಮೇ ಕೊನೆಯವರೆಗೆ ಅವಧಿ ದೊರೆತಿದೆ.

ನಿನ್ನ ಕಳೆದ ಪತ್ರವನ್ನು ಮತ್ತೆ ಮತ್ತೆ ಓದಿದೆ. ಉರ್ಹೊ ನನಗೆ ಹೇಳಿದ್ದನ್ನೇ ನಿನಗೂ ಹೇಳಿರಬೇಕು. ಆರ್ವೊನ ಕೊನೆಯ ವರ್ಷಗಳಲ್ಲಿ ಅವನನ್ನು ಬದುಕಿಸಿದವಳು ಯಾರೆಂಬುದನ್ನು ಬೇರೆಯವರ ಬಾಯಿಂದ ಕೇಳುವುದು ನಿನಗೆ ಸುಲಭವಾಗಿರಲಾರದು. ಸೋಲನ್ನು ಇಷ್ಟು ಸೌಜನ್ಯದಿಂದ ಒಪ್ಪಿಕೊಳ್ಳುವುದು ನಿನಗೆ ಸಾಧ್ಯವೆಂದು ನಾನು ಎಣಿಸಿರಲಿಲ್ಲ. ತೀರ್ಪು ನನ್ನ ಪರವಾಗಿ ಬಂದ ಮೇಲೆಯೂ ಬೇಸಿಗೆಯಲ್ಲಿ ನೀನು ಕ್ಯಾಂಪಿಗೆ ಬರಬಹುದು. ಮುಂಚಿತವಾಗಿ ತಿಳಿಸಿದರೆ ಸಾಕು.

ನೋಟಿಸಿನ ಸಲಹೆಯೂ ಉಚಿತವಾಗಿತ್ತು, ನ್ಯಾಯಾಧೀಶರು ಒಪ್ಪಿದರು. ಕರಡನ್ನು ನಾನೇ ಬರೆದುಕೊಟ್ಟೆ: ‘ದಿವಂಗತ ಆರ್ವೊ ರಾಂತಾ ಅವರು ಯಾರನ್ನು ಸಿಸ್ಕೊ ಎಂದು ಕರೆಯುತ್ತಿದ್ದರೆಂಬುದನ್ನು ಬಲ್ಲವರು, ಅಥವಾ ಸ್ವತಃ ಅವರಿಂದ ಹಾಗೆ ಕರೆಸಿಕೊಳ್ಳುತ್ತಿದ್ದವರು, ಮೇ ತಿಂಗಳ ಕೊನೆಯೊಳಗೆ ಮಾರ್ಕ್ವೆಟ್ ನಗರದ ನ್ಯಾಯಾಲಯಕ್ಕೆ ತಿಳಿಸತಕ್ಕದ್ದು.’ ಗುಮಾಸ್ತೆಯ ಮೂಲ ಕರಡಿನಲ್ಲಿ ‘ಅಥವಾ’ ಎಂಬಲ್ಲಿಂದ ಮುಂದಿನ ಭಾಗವಿರಲಿಲ್ಲ, ವಾಕ್ಯ ಕುಂಟುತ್ತಿತ್ತು. ಅದು ನನ್ನ ಸೇರ್ಪಡೆ. ಅಚ್ಚಾದಾಗ ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ.

ಹಿಮ ಕರಗಿದ್ದರಿಂದ ಕ್ಯಾಂಪಿಗೆ ಹೋಗಿ ಸೌನಾದ ಬಾಗಿಲು ತೆಗೆದೆ. ಬೆಂಚುಗಳನ್ನು ಉಜ್ಜಿ ತೊಳೆಯಲಾಗಿತ್ತು. ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಸೊಪ್ಪಿನ ಕಟ್ಟುಗಳು ಜೋಡಿಜೋಡಿಯಾಗಿ ತೂಗುತ್ತಿದ್ದವು. ಆರ್ವೊ ಇಷ್ಟು ಓರಣದವನೆಂದು ನಾನು ಅರಿತಿರಲಿಲ್ಲ. ನನ್ನ ಭಾನುವಾರಗಳ ಬುದ್ಧಿವಾದ ವ್ಯರ್ಥವಾಗಲಿಲ್ಲ. ಮೇಲಿನ ಬೆಂಚಿನ ಮೂಲೆಯಲ್ಲಿ ಹೆಂಗಸರು ತುರುಬಿಗೆ ಸಿಕ್ಕಿಸುವ ಕ್ಲಿಪ್ಪೊಂದು ದೊರೆಯಿತು. ಹಿಂದೊಮ್ಮೆ ಬಂದಾಗ ನೀನು ಮರೆತು ಹೋದದ್ದಿರಬೇಕು. ಇದರೊಂದಿಗೆ ಕಳುಹಿಸುತ್ತಿದ್ದೇನೆ.

ನಿನ್ನ ಅಕ್ಕ,
ಹಿಲ್ಯಾ


ಹ್ಯಾನ್‌ಕಾಕ್
೭ ಜೂನ್ ೧೯೮೬

ಪ್ರಿಯ ಲೆಂಪಿ,

ಏಪ್ರಿಲ್ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಅದನ್ನು ಆಮೇಲೆ ವಿಚಾರಿಸುತ್ತೇನೆ. ಈಗ ತುರ್ತು ವಿಷಯವಿದೆ.

ನಿನ್ನೆ ಮಧ್ಯಾಹ್ನ ಒಬ್ಬ ಹೆಂಗಸು ನನ್ನ ಬಾಗಿಲಿಗೆ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ತಲೆಗೆ ಸ್ಕಾರ್ಫು, ಕೆಳಗೆ ಬಿಗಿಯಾದ ತುರುಬು, ಕೈಯಲ್ಲಿ ಬಟ್ಟೆ ಸುತ್ತಿದ ಏಲಕ್ಕಿ ಬ್ರೆಡ್ಡು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ.

‘ಟೀಚರ್, ನಾನು ಮಾರ್ತಾ ಕೆರಾನೆನ್. ಬೆಟ್ಟದ ರಸ್ತೇಲಿರೋ ಪ್ರಾರ್ಥನಾ ಮಂದಿರದವಳು. ನಿಮ್ಮ ಆಕ್ಷೇಪಣೆ ಇದೆಯಾ ಅಂತ ನಾನು ಕೇಳ್ಬೇಕಂತೆ. ಕೋರ್ಟಿನ ಗುಮಾಸ್ತೆ ಹೇಳಿದ್ಲು.’

‘ಯಾವುದಕ್ಕೆ?’

‘ನಂಗೆ ಸ್ವಲ್ಪ ಟೈಮ್ ಕೊಡೋದಕ್ಕೆ. ಗಡುವು ಮುಗಿದೋಗಿದೆಯಂತೆ. ನಾವು ಪೇಪರ್ ತರಿಸೋರಲ್ಲ. ಮೊನ್ನೆ ಪ್ರಾರ್ಥನೆ ಮುಗಿದ್ಮೇಲೆ ವೆಲಿ ಕಾರ್ಲ್ ಯಾವುದೋ ಹಳೇ ಪೇಪರ್ ಬಿಡಿಸಿ, “ಮಾರ್ತಾ, ಇದು ನೀನೇ ಅಲ್ವೇನೇ?” ಅಂದ.’

ಆ ಸಭೆಯಲ್ಲಿ ಗಂಡಸರೆಲ್ಲರೂ ಪರಸ್ಪರ ‘ವೆಲಿ’, ಅಂದರೆ ಸಹೋದರರು, ಹೆಂಗಸರೆಲ್ಲರೂ ‘ಸಿಸ್ಕೊ’. ಇದು ಊರಿಗೆಲ್ಲ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೆ ಅದನ್ನು ನಾನು ಆ ಪದದ ಅರ್ಥವೆಂದು ಎಂದೂ ಪರಿಗಣಿಸಿರಲಿಲ್ಲ, ದುರ್ಬಳಕೆಯೆಂದು ಪರಿಗಣಿಸಿದ್ದೆ.

‘ಆರ್ವೊ ನಿಮ್ಮ ಸಭೆಗೆ ಬರ್ತಿದ್ನಾ?’

‘ವರ್ಷಗಳಿಂದ ಬರ್ತಿದ್ರು, ಟೀಚರ್. ನಿಮ್ಗೆ ಹೇಳಿರ್ಲಿಲ್ವಾ?’

‘ನಿಮ್ಮ ಸಭೇಲಿ ಎಲ್ಲಾ ಹೆಂಗಸ್ರೂ ಸಿಸ್ಕೊನೇ ಅಲ್ವಾ? ನೀನೊಬ್ಳೇ ಹೇಗಾಗ್ತೀಯ?’ ಎಂದೆ.

‘ಬೇರೆಯೋರ್ನ ಸಿಸ್ಕೊ ಐನಾ, ಸಿಸ್ಕೊ ಸೈಮಾ ಅಂತಿದ್ರು. ನನ್ನ ಮಾತ್ರ ಬರೀ ಸಿಸ್ಕೊ ಅಂತಿದ್ರು.’ ಅವಳ ಮುಖ ಕೆಂಪಾಯಿತು. ‘ಶನಿವಾರ ಹೋಗಿ ಸೌನಾ ಒಲೆ ಹಚ್ತಿದ್ದೆ. ಕೊನೇಗೆ ಅವ್ರಿಗೆ ಸೌದೆ ಎತ್ತೋಕಾಗ್ತಿರ್ಲಿಲ್ಲ. ಆಮೇಲೆ ಬಟ್ಟೆ ಒಗ್ದು, ಗಂಜಿ ಮಾಡಿಟ್ಟು ಬರ್ತಿದ್ದೆ. ಭಾನುವಾರ ನೀವು ಬರ್ತೀರಲ್ಲ, ಮನೆ ನೀಟಾಗಿರ್ಬೇಕು ಅಂತಿದ್ರು.’

ಕೇಳಬಾರದಾಗಿತ್ತು, ಕೇಳಿದೆ. ‘ನನ್ನ ಏನಂತ ಕರೀತಿದ್ದ?’

‘ಟೀಚರ್ ಅಂತ. “ಟೀಚರ್ ಬರೋ ಹೊತ್ತಾಯ್ತು, ಉಗುರು ಕತ್ತರಿಸ್ಕೊಬೇಕು” ಅಂತ ನಗಾಡ್ತಿದ್ರು.’

‘ಲೆಂಪಿನ?’

‘ಅವ್ರಾ? ಫ್ಲಾರಿಡಾ. “ಕ್ರಿಸ್‌ಮಸ್ಸಿಗೆ ಫ್ಲಾರಿಡಾ ಫೋನ್ ಮಾಡಿತ್ತು” ಅಂತಿದ್ರು.’

ಲೆಂಪಿ, ಗಮನವಿಟ್ಟು ಓದು. ನ್ಯಾಯಾಲಯ ನಿಗದಿಪಡಿಸಿದ ಅವಧಿ ಮುಗಿದಿದೆ. ಮುಗಿದ ಮೇಲೆ ಕಾಲಾವಕಾಶ ಬೇಡುವವರ ದಾರಿ ಬಹಳ ಕಠಿಣ. ನಾವಿಬ್ಬರೂ ಆಕ್ಷೇಪಿಸಿದರೆ ಅವಳ ಅರ್ಜಿ ಬಿದ್ದುಹೋಗುವ ಸಂಭವವೇ ಹೆಚ್ಚು. ಆಗ ಕ್ಯಾಂಪು ರಾಂತಾಗಳಲ್ಲಿಯೇ ಉಳಿಯುತ್ತದೆ. ನಾನು ಅರ್ಧ ಬಿಟ್ಟುಕೊಡಲು ಸಿದ್ಧಳಿದ್ದೇನೆ. ಅಪ್ಪ ಕಟ್ಟಿದ ಸೌನಾದಲ್ಲಿ ಬೇರೆ ಯಾರೋ ಒಬ್ಬಳು ಸಿಸ್ಕೊ ಎನಿಸಿಕೊಂಡು ಕುಳಿತುಕೊಳ್ಳುವುದನ್ನು ನಾನು ಸಹಿಸಲಾರೆ. ನೀನೂ ಸಹಿಸಲಾರೆ ಎಂದು ಬಲ್ಲೆ. ವಿಚಾರಣೆ ಇದೇ ಇಪ್ಪತ್ತರಂದು. ‘ಆಕ್ಷೇಪಣೆ ಇದೆ’ ಎಂದು ಇಂದೇ ಬರೆದು ಕಳುಹಿಸು.

ಹಿಲ್ಯಾ


ಲೇಕ್ ವರ್ತ್
೧೩ ಜೂನ್ ೧೯೮೬

ಹಿಲ್ಯಾ,

ತಡವಾಯ್ತು. ಮಾರ್ತಾ ನನಗೂ ಬರೆದು ಕೇಳಿದ್ಲು. ಆಕ್ಷೇಪಣೆ ಇಲ್ಲ ಅಂತ ಸಹಿ ಹಾಕಿ ನೇರ ಕೋರ್ಟಿಗೇ ಕಳಿಸಿಬಿಟ್ಟಿದೀನಿ.

ಉರ್ಹೊ ಮಾರ್ಚಿನಲ್ಲೇ ಎಲ್ಲಾ ಹೇಳಿದ್ದ. ನಿನ್ನ ಮುಂದೆ ನಿಂತು ಹೇಳೋಕೆ ಹೆದರಿಕೆಯಾಗಿ ಇಲ್ಲಿಗೆ ಓಡಿ ಬಂದಿದ್ದ ಪಾಪ. ‘ಹಿಲ್ಯಾಗೆ ಹೇಳೋದಕ್ಕಿಂತ ಕರಡಿ ಜೊತೆ ಸೌನಾಕ್ಕೆ ಹೋಗೋದು ವಾಸಿ’ ಅಂದ. ನೀನು ಕಾಫಿ ಮೇಜಿನಲ್ಲಿ ಕೇಳಿಸಿಕೊಂಡ ಸಿಸ್ಕೊ ನೀನಲ್ಲ.

ಕೇಳಿ ನನಗೆ ಎದೆ ಉರಿದುಹೋಯ್ತು. ನಾನಲ್ಲ ಅಂತ ಗೊತ್ತಾಯ್ತಲ್ಲ. ಆದ್ರೆ ಸುಮ್ಮನಿದ್ದಿದ್ರೆ ನ್ಯಾಯಾಧೀಶರು ನಿನಗೇ ಕೊಟ್ಟುಬಿಡ್ತಿದ್ರು. ನಿನ್ನ ಭಾಷೆ ಎದುರು ನನ್ನ ಭಾಷೆ ಎಲ್ಲಿ ನಿಲ್ಲತ್ತೆ? ಆಮೇಲೆ ಬದುಕಿರೋವರೆಗೂ ನೀನೇ ಸಿಸ್ಕೊ. ನಾನು ಮುಂಚಿತವಾಗಿ ತಿಳಿಸಿ ಬರೋ ಅತಿಥಿ. ಅದೊಂದು ನನ್ನಿಂದ ನೋಡೋಕಾಗ್ತಿರ್ಲಿಲ್ಲ ಹಿಲ್ಯಾ. ನನಗಿಲ್ಲದ್ದು ನಿನಗೂ ಬೇಡ ಅನ್ನಿಸ್ತು. ಮಾರ್ಚಿನಲ್ಲಿ ನಾನು ಕಾಲಾವಕಾಶ ಕೊಟ್ಟಿದ್ದು ನಿನಗಲ್ಲ, ಅವಳಿಗೆ. ಬಾಗಿಲು ತೆಗೆದಿದ್ದು ನೋಟಿಸಿನಲ್ಲಿ ನೀನೇ ಸೇರಿಸಿದ ಆ ‘ಅಥವಾ’.

ಇದೆಲ್ಲಾ ಹೊಟ್ಟೆಕಿಚ್ಚು ಅಂತ ನನಗೂ ಗೊತ್ತು. ಪದ ಸರಿಯಾಗಿದೆ ತಾನೇ?

ಫ್ಲಾರಿಡಾ ಅಂತಿದ್ನಾ ನನ್ನ? ಅದನ್ನ ಉರ್ಹೊ ಹೇಳಿರ್ಲಿಲ್ಲ. ನಿನ್ನ ಕಾಗದ ಓದಿದಾಗಲೇ ಗೊತ್ತಾಗಿದ್ದು.

ಲೆಂಪಿ


ಹ್ಯಾನ್‌ಕಾಕ್
೨೩ ಜೂನ್ ೧೯೮೬

ಲೆಂಪಿ,

ಪದ ಸರಿಯಾಗಿದೆ.

ಮೂರು ಪುಟಗಳ ಆಕ್ಷೇಪಣೆಯನ್ನು ಟೈಪು ಮಾಡಿಸಿಕೊಂಡು ಮಾರ್ಕ್ವೆಟ್‌ಗೆ ಹೋದೆ. ಕಾರು ಓಡಿಸಿದವನು ಉರ್ಹೊ. ಫ್ಲಾರಿಡಾದಿಂದ ಮರಳಿದವನು ಹೂವಿನ ಅಂಗಿ ತೊಟ್ಟು ಬಂದಿದ್ದ. ದಾರಿಯುದ್ದಕ್ಕೂ ನಾನು ಅವನೊಂದಿಗೆ ಮಾತನಾಡಲಿಲ್ಲ. ಊರು ಸಮೀಪಿಸಿದಾಗ ಅವನೇ, ‘ಬೈದಾದ್ರೂ ಬೈಯೇ ಹಿಲ್ಯಾ, ಹೀಗೆ ಸುಮ್ನಿದ್ರೆ ಬ್ರೇಕ್ ಹಾಕೋಕೂ ಭಯ ಆಗತ್ತೆ’ ಎಂದ. ಬೈಯಲಿಲ್ಲ.

ನನ್ನ ಆಕ್ಷೇಪಣೆ ಸಮರ್ಥವಾಗಿತ್ತು. ಪತ್ರಿಕೆಯನ್ನು ತರಿಸದಿರುವುದು ಅವರವರ ಆಯ್ಕೆಯೇ ಹೊರತು ತಡವಾದುದಕ್ಕೆ ಕ್ಷಮಾರ್ಹ ಕಾರಣವಲ್ಲ ಎಂಬ ವಾದವನ್ನು ಯಾವ ವಕೀಲನೂ ಅದಕ್ಕಿಂತ ಚೆನ್ನಾಗಿ ಬರೆಯಲಾರ. ಅದನ್ನು ಓದಿದ್ದರೆ ಅವಳ ಅರ್ಜಿ ಅಲ್ಲಿಯೇ ಮುಗಿಯುತ್ತಿತ್ತೆಂದು ಈಗಲೂ ನಂಬಿದ್ದೇನೆ. ಆದರೆ ನ್ಯಾಯಾಧೀಶರು ಮೊದಲು ನಿನ್ನ ಕಾಗದವನ್ನು ಕೈಗೆತ್ತಿಕೊಂಡರು. ‘ಪ್ರತಿವಾದಿಯ ಆಕ್ಷೇಪಣೆ ಇಲ್ಲ’ ಎಂದು ಓದಿ, ಕನ್ನಡಕ ತೆಗೆದು, ‘ಇಷ್ಟು ಉದಾರ ಮನಸ್ಸಿನವ್ರನ್ನ ಈ ಕೋಣೇಲಿ ನೋಡೋದೇ ಅಪರೂಪ’ ಎಂದರು.

ಉದಾರ! ನಿನ್ನನ್ನು!

ಆ ಮಾತು ದಾಖಲೆಗೆ ಸೇರಿತು. ನಿನ್ನ ಎರಡು ಪದಗಳ ಹಿಂದಿರುವುದೇನೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಉರ್ಹೊನಿಗೆ ಅರ್ಧ ಗೊತ್ತಿತ್ತು. ಮಿಕ್ಕವರ ಪಾಲಿಗೆ ನೀನು ದೂರದಲ್ಲಿದ್ದೂ ದೊಡ್ಡ ಮನಸ್ಸು ತೋರಿದ ತಂಗಿ; ಅದರ ಕೆಳಗೆ, ಮೂರು ಪುಟಗಳುದ್ದಕ್ಕೂ, ಬ್ರೆಡ್ಡು ಮಾಡುವ ಹೆಂಗಸೊಬ್ಬಳಿಗೆ ಸ್ವಲ್ಪ ಕಾಲವನ್ನೂ ಕೊಡಲೊಲ್ಲದ ಅಕ್ಕ. ನನ್ನ ಪುಟಗಳು ಇನ್ನೂ ನನ್ನ ಕೈಯಲ್ಲಿಯೇ ಇದ್ದವು; ಕೊಟ್ಟರೆ ಆ ಕಾಗದಗಳು ನಾವಿಬ್ಬರೂ ಸತ್ತ ಮೇಲೂ ಅದೇ ಕ್ರಮದಲ್ಲಿ ಉಳಿಯುತ್ತವೆ.

‘ಮಿಸ್ ರಾಂತಾ, ನಿಮ್ಮ ಆಕ್ಷೇಪಣೆ ಇದೆಯಾ?’ ಎಂದು ಅವರು ಕೇಳಿದರು.

ನಾನು ಎದ್ದು ನಿಂತು, ‘ಕಿಂಚಿತ್ತೂ ಇಲ್ಲ’ ಎಂದೆ. ‘ಕಿಂಚಿತ್ತೂ’ ಎಂಬ ಪದವನ್ನು ಬಿಡದೆ ಬರೆದುಕೊಳ್ಳುವಂತೆ ಗುಮಾಸ್ತೆಗೆ ಸೂಚಿಸಿದೆ. ನಿನ್ನ ಕಾಗದದಲ್ಲಿ ಆ ಪದವಿಲ್ಲ.

ಮಾರ್ತಾ ಕೆರಾನೆನ್‌ಗೆ ಜುಲೈ ಕೊನೆಯವರೆಗೆ ಕಾಲಾವಕಾಶ ದೊರೆಯಿತು. ಉರ್ಹೊ ಅವಳ ಪರವಾಗಿ ಪ್ರಮಾಣ ಮಾಡಿ ಹೇಳಲಿದ್ದಾನೆ. ಇನ್ನು ಅವಳಿಗೆ ಎದುರಾಗಿ ನಿಲ್ಲುವ ಸಾಕ್ಷ್ಯ ನನ್ನಲ್ಲಿಲ್ಲ, ನಿನ್ನಲ್ಲಿಯೂ ಇಲ್ಲ. ಕ್ಯಾಂಪು ಹೋಯಿತೆಂದೇ ತಿಳಿ.

ಹೊರಗೆ ಮೆಟ್ಟಿಲ ಬಳಿ ಅವಳು ನನ್ನ ಕೈ ಹಿಡಿದುಕೊಂಡು, ‘ಟೀಚರ್, ಶನಿವಾರ ಒಲೆ ಹಚ್ಚಿರ್ತೀನಿ. ನಿಮ್ಗೆ ಮೇಲಿನ ಬೆಂಚು’ ಎಂದಳು. ನಾನು ಹುಟ್ಟಿದ ದಿನದಿಂದ ಕುಳಿತ ಬೆಂಚಿಗೆ ಅವಳು ನನ್ನನ್ನು ಕರೆಯುತ್ತಿದ್ದಳು. ‘ನೋಡ್ತೀನಿ’ ಎಂದೆ. ಹೋಗಲಿಲ್ಲ. ಶನಿವಾರ ಸಂಜೆ ಇಲ್ಲಿನ ಕಿಟಕಿಯ ಬಳಿ ಕುಳಿತು, ಕಾಣದಷ್ಟು ದೂರದ ಆ ಹೊಗೆಗಾಗಿ ಆಕಾಶ ನೋಡಿದೆ.

ಅಂದು ನ್ಯಾಯಾಲಯದಲ್ಲಿ ನನ್ನ ಧ್ವನಿ ನಡುಗಿತೆಂದು ಉರ್ಹೊ ನಿನಗೆ ಬರೆದರೆ ನಂಬಬೇಡ. ನೀನು ಈ ಕಥೆಯನ್ನು ಅಲ್ಲಿಯವರಿಗೆ ನಿನ್ನ ರೀತಿಯಲ್ಲಿ ಹೇಳುವ ಮುನ್ನ, ಕಣ್ಣಾರೆ ಕಂಡವರನ್ನು ವಿಚಾರಿಸಲು ಅನುಕೂಲವಾಗಲೆಂದು, ಹಾಜರಿದ್ದವರ ಹೆಸರುಗಳನ್ನು ಕೊಡುತ್ತೇನೆ:

ನ್ಯಾಯಾಧೀಶ ವಾರೆನ್ ಹೋಲ್‌ಕೂಂಬ್,
ಗುಮಾಸ್ತೆ ಡೊರೀನ್ ಲಾರೋಸ್,
ಉರ್ಹೊ ಪೆಲ್ಟೊ,
ವೆಲಿ ಕಾರ್ಲ್ ಮತ್ತಿಲಾ,
ಸಿಸ್ಕೊ ಐನಾ ಯುಂಟಿ,
ಸಿಸ್ಕೊ ಸೈಮಾ ಕೋಸ್ಕಿ,
ಸಿಸ್ಕೊ,
ಹಿಲ್ಯಾ ರಾಂತಾ.